ಹರಕೆಯ ಗುಡಿ, ಮಹಾಪುರುಷರ ಮನೆ

ಪ್ಯಾರಿಸ್ ನಗರದಲ್ಲಿ, ಸೀನ್ ನದಿಯ ಎಡದಂಡೆಯಿಂದ ತುಸು ದೂರ ನಡೆದರೆ ಸಂತ ಜಿನೆವೀವಳ ಹೆಸರಿನ ಒಂದು ದಿಬ್ಬ ಸಿಗುತ್ತದೆ. ಅದರ ನೆತ್ತಿಯ ಮೇಲಿರುವುದೇ ಪ್ಯಾಂಥಿಯನ್ ಎಂಬ ಭವ್ಯಮಂದಿರ. ಗೋಪುರದ ತುದಿಯಲ್ಲಿ ಶಿಲುಬೆ. ಮುಂಭಾಗದ ಬರಹದಲ್ಲಾದರೋ ದೇವರ ಹೆಸರಿಲ್ಲ, ಮಹಾಪುರುಷರಿಗೆ ತಾಯ್ನಾಡು ಸಲ್ಲಿಸುವ ಕೃತಜ್ಞತೆ ಮಾತ್ರವಿದೆ. ಪಶ್ಚಿಮದ ನೀತಿ ತನ್ನ ನೆಲೆಯನ್ನು ಬದಲಿಸಿದ ಕಥೆಯೆಲ್ಲ ಈ ಶಿಲುಬೆಗೂ ಬರಹಕ್ಕೂ ನಡುವೆ ಅಡಗಿದೆ.

1744ರಲ್ಲಿ ರೋಗಪೀಡಿತನಾದ ಹದಿನೈದನೆಯ ಲೂಯಿ ದೊರೆಯು, ಬದುಕಿ ಉಳಿದರೆ ನಗರರಕ್ಷಕಿಯಾದ ಜಿನೆವೀವಳಿಗೆ ಹೊಸ ದೇವಾಲಯ ಕಟ್ಟಿಸುವುದಾಗಿ ಹರಕೆ ಹೊತ್ತನು. ಸೂಫ್ಲೋ ಎಂಬ ಶಿಲ್ಪಿ ಕೆಲಸಕ್ಕೆ ಕೈಹಾಕಿದನು. ಕಟ್ಟಡ ಪೂರ್ಣವಾಗುವ ವೇಳೆಗೆ ದೊರೆಯೂ ಇರಲಿಲ್ಲ, ಶಿಲ್ಪಿಯೂ ಇರಲಿಲ್ಲ. ಹರಕೆಯ ಕಾಲವೇ ಕಳೆದುಹೋಗಿತ್ತು. 1791ರಲ್ಲಿ ಕ್ರಾಂತಿಯ ಸಂವಿಧಾನಸಭೆಯು ಅದನ್ನು ಮಹಾಪುರುಷರ ಸಮಾಧಿಮಂದಿರವೆಂದು ಸಾರಿತು. ಅದೇ ವರ್ಷ ವಾಲ್ಟೇರನ ಅಸ್ಥಿಯೂ, 1794ರಲ್ಲಿ ರೂಸೋವಿನ ಅಸ್ಥಿಯೂ ಅಲ್ಲಿಗೆ ಬಂದವು.

ಮುಂದೆ ಒಂದು ಶತಮಾನ ಆ ಕಟ್ಟಡಕ್ಕೆ ನೆಮ್ಮದಿಯಿರಲಿಲ್ಲ. 1806ರಲ್ಲಿ ನೆಪೋಲಿಯನ್ ಅದನ್ನು ಪೂಜೆಗೆ ಮರಳಿಸಿದ; 1830ರ ಕ್ರಾಂತಿ ಮತ್ತೆ ಕಸಿದುಕೊಂಡಿತು; 1851ರಲ್ಲಿ ಪುನಃ ಚರ್ಚಾಯಿತು. ಕೊನೆಗೆ ತೀರ್ಪು ಬಂದುದು 1885ರಲ್ಲಿ, ವಿಕ್ಟರ್ ಹ್ಯೂಗೋ ತೀರಿಕೊಂಡಾಗ. ದೇವರಲ್ಲಿ ನಂಬಿಕೆಯುಂಟು, ಆದರೆ ಯಾವ ಚರ್ಚಿನ ಪ್ರಾರ್ಥನೆಯೂ ಬೇಡವೆಂದು ಬರೆದಿಟ್ಟು, ಬಡವರಿಗೆ 50,000 ಫ್ರಾಂಕ್ ಬಿಟ್ಟು, ಬಡವರ ಹೆಣದ ಗಾಡಿಯಲ್ಲೇ ಆತ ಇಲ್ಲಿಗೆ ಬಂದನು. ಶಿಲುಬೆಯನ್ನು ಮಾತ್ರ ಕೆಳಗಿಳಿಸಲಿಲ್ಲ.

ಶಾಲೆಗಳಲ್ಲಿಯೂ ನಡೆದುದು ಇದೇ. 1882ರ ಕಾನೂನು ಪ್ರಾಥಮಿಕ ಪಾಠಪಟ್ಟಿಯಿಂದ ಧರ್ಮಬೋಧೆಯನ್ನು ತೆಗೆದು, ನೀತಿಯ ಜೊತೆಗೆ ಪೌರಶಿಕ್ಷಣವನ್ನಿಟ್ಟಿತು. ಆದರೆ ಅದನ್ನು ತಂದ ಮಂತ್ರಿ ಜೂಲ್ಸ್ ಫೆರಿ ಮರುವರ್ಷ ಉಪಾಧ್ಯಾಯರಿಗೆ ಬರೆದ ಪತ್ರದಲ್ಲಿ ಹೊಸ ನೀತಿಯನ್ನು ಕಲಿಸಿರೆನ್ನಲಿಲ್ಲ. ತಂದೆತಾಯಿಗಳಿಂದ ಬಂದ ಹಳೆಯ ನೀತಿಯನ್ನೇ ಕಲಿಸಬೇಕೆಂದನು. ಮನೆ ಅದೇ, ಅಸ್ತಿಭಾರ ಮಾತ್ರ ಬೇರೆ.

ಹಾಗಾದರೆ ಮನುಷ್ಯನ ಒಳಿತು ಕೆಡುಕುಗಳಿಗೆ ಇನ್ನು ಸಾಕ್ಷಿ ಯಾರು? ಪ್ಯಾಂಥಿಯನ್ನಿನ ಚರಿತ್ರೆ ಇಲ್ಲಿ ಎಚ್ಚರಿಕೆ ಹೇಳುತ್ತದೆ. ಮೊದಲು ಸಮಾಧಿಗೊಂಡ ಮಿರಾಬೋ, ದೊರೆಯೊಡನೆ ಗುಟ್ಟಾಗಿ ವ್ಯವಹರಿಸಿದ್ದು ಬಯಲಾದಮೇಲೆ ಹೊರಬಿದ್ದನು. 1794ರಲ್ಲಿ ಒಳಬಂದ ಮರಾ ಕೆಲವೇ ತಿಂಗಳಲ್ಲಿ ಹೊರನಡೆದನು. ದೇವರ ತೀರ್ಪು ಅಚಲವೆಂದು ಭಕ್ತರು ನಂಬಿದ್ದರು. ಜನರ ತೀರ್ಪು ಋತುವಿನಂತೆ ಬದಲಾಗುತ್ತದೆ.

ಆದರೂ ತಪ್ಪನ್ನು ತಿದ್ದುವ ಶಕ್ತಿಯೂ ಆ ತೀರ್ಪಿಗೇ ಉಂಟು. 1848ರಲ್ಲಿ ಗುಲಾಮಗಿರಿಯನ್ನು ತೊಡೆಯಲು ದುಡಿದ ಷೋಲ್ಷೇರ್ 1949ರಲ್ಲಿಯೂ, 1981ರಲ್ಲಿ ಮರಣದಂಡನೆಯನ್ನು ರದ್ದುಗೊಳಿಸಿದ ಮಂತ್ರಿ ಬಾದಿಂತೇರ್ 2025ರಲ್ಲಿಯೂ ಇಲ್ಲಿ ಗೌರವ ಪಡೆದರು. ಮೇಲಿನ ಗೋಡೆಯ ಚಿತ್ರದಲ್ಲಿ ಜಿನೆವೀವ್ ಇಂದಿಗೂ ಹಸಿದ ನಗರಕ್ಕೆ ಆಹಾರ ತರುತ್ತಿದ್ದಾಳೆ. ನೆಲಮಾಳಿಗೆಯಲ್ಲಿ ಗುಲಾಮರ ಸಂಕೋಲೆ ಕಳಚಿದವನು ಮಲಗಿದ್ದಾನೆ. ಒಬ್ಬಳು ದೇವರ ಹೆಸರಿನಲ್ಲಿ, ಇನ್ನೊಬ್ಬನು ಮಾನವನ ಹೆಸರಿನಲ್ಲಿ ನಡೆದರು. ಇಬ್ಬರನ್ನೂ ನಡೆಸಿದ ಕರುಣೆ ಒಂದೇ.