ಮಿತಿಯರಿಯದ ಉಪಕಾರ

ನ್ಯೂಯಾರ್ಕಿನ ಶಸ್ತ್ರವೈದ್ಯರಾದ ಆರ್ಥರ್ ವೂರ್ಹೀಸರು ೧೯೪೭ರಲ್ಲಿ, ನಾಯಿಯೊಂದರ ಹೃದಯದಲ್ಲಿ ಹಿಂದೆ ಉಳಿದಿದ್ದ ರೇಷ್ಮೆಯ ದಾರವು ಹೊಳೆಯುವ ತೆಳುಪೊರೆಯಿಂದ ಮುಚ್ಚಿರುವುದನ್ನು ಕಂಡರು. ದಾರವನ್ನು ತನ್ನದಾಗಿಸಿಕೊಂಡ ದೇಹವು ಬಟ್ಟೆಯ ನಾಳವನ್ನೂ ಒಪ್ಪಬಾರದೇಕೆ? ಈ ತರ್ಕದಿಂದ ಹುಟ್ಟಿದ ಕೃತಕ ರಕ್ತನಾಳದ ವೃತ್ತಾಂತವನ್ನು ಅವರು ಸಂಗಡಿಗರೊಡನೆ ೧೯೫೨ರಲ್ಲಿ ಪ್ರಕಟಿಸಿದರು.

ದೊಡ್ಡ ನಾಳಗಳಲ್ಲಿ ಈ ಉಪಾಯವು ಚೆನ್ನಾಗಿ ಫಲಿಸಿತು. ಆದರೆ ೬ ಮಿಲಿಮೀಟರಿಗಿಂತ ಕಿರಿದಾದ ನಾಳಗಳಲ್ಲಿ ಉಪಕಾರಿಯೇ ಅಪಕಾರಿಯಾಗುವುದುಂಟು. ಜೀವಂತ ನಾಳವು ಮಿಡಿತಕ್ಕೆ ಹಿಗ್ಗುವುದು, ಕೃತಕನಾಳವು ಬಿಗಿಯಾಗಿರುವುದು, ಆದುದರಿಂದ ಹೊಲಿಗೆಯ ಸಂಧಿಯಲ್ಲಿ ರಕ್ತಪ್ರವಾಹವು ಕದಡುವುದು. ಗಾಯವನ್ನು ಮಾಯಿಸಲು ಬಂದ ಸ್ನಾಯುಕೋಶಗಳು ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆದು ದಾರಿಯನ್ನೇ ಮುಚ್ಚುವುವು. ಮೂತ್ರಪಿಂಡಗಳು ಕೆಟ್ಟು, ತೋಳಿನ ಕೃತಕನಾಳದ ಮೂಲಕ ರಕ್ತಶೋಧನೆ ಮಾಡಿಸಿಕೊಳ್ಳುವ ರೋಗಿಗೆ ಆ ದಾರಿಯೇ ಪ್ರಾಣ. ಅದು ಬಹುಮಟ್ಟಿಗೆ ಕಟ್ಟುವುದು ಸಿರೆಯನ್ನು ಸೇರುವ ತುದಿಯಲ್ಲಿ.

ಇದನ್ನು ತಡೆಯಲು ವೈದ್ಯರು ನಾಳದ ಒಳಮೈಗೆ ಹೆಪಾರಿನ್ ಲೇಪಿಸಿದರು. ರೋಗಿಯದೇ ಒಳಪೊರೆಯ ಕೋಶಗಳನ್ನು ಬಿತ್ತಿದರು. ಬೆಳವಣಿಗೆಯನ್ನು ತಗ್ಗಿಸುವ ಔಷಧಗಳನ್ನು ಪ್ರಯೋಗಿಸಿದರು. ಪೊರೆಯೇ ಬೆಳೆಯದಿದ್ದರೆ ಬರಿಯ ಬಟ್ಟೆಯ ಮೇಲೆ ರಕ್ತವು ಹೆಪ್ಪುಗಟ್ಟುವುದು. ಮಿತಿಮೀರಿ ಬೆಳೆದರೆ ನಾಳವು ಮುಚ್ಚುವುದು. ಬೆಳೆಯಲಿ, ಆದರೆ ಅಳತೆಯಲ್ಲಿ ನಿಲ್ಲಲಿ ಎಂದು ದೇಹಕ್ಕೆ ತಿಳಿಸುವ ವಿದ್ಯೆಯು ಇನ್ನೂ ಪೂರ್ಣವಾಗಿ ಕೈವಶವಾಗಿಲ್ಲ.