ಬೆಲೆ ಮಾತಾಡಿ ಬರೆಯುವುದು

ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಸಂಕೋಚಕ್ಕೆ ಜಾಗವಿಲ್ಲ. ಬ್ಯಾರನ್‌ನಲ್ಲಿ ಬೇಯಿಸಿ, ದರ್ಜೆ ವಿಂಗಡಿಸಿ ತಂದ ಬೇಲು ತೂಕವಾಗುತ್ತದೆ, ಅದಕ್ಕೊಂದು ನಂಬರು ಬೀಳುತ್ತದೆ. ಕೊಳ್ಳುವವರು ಎಲೆ ಎಳೆದು, ಮುಟ್ಟಿ, ಬಣ್ಣ ನೋಡಿ ಕಿಲೋಗೆ ಇಷ್ಟೆಂದು ಬೆಲೆ ಕಟ್ಟುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ರೈತ ಬೇಲನ್ನು ಮಾರದೆ ಉಳಿಸಿಕೊಳ್ಳಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಎಷ್ಟೋ ಮನೆಗಳ ಮದುವೆ, ಓದು, ಸಾಲ ಎಲ್ಲವೂ ಆ ದರದ ಮೇಲೆ ನಿಂತಿವೆ. ದರ ಬಿದ್ದ ವರ್ಷ ಹರಾಜು ನಿಲ್ಲಿಸಿ ರಸ್ತೆಗಿಳಿದದ್ದೂ ಉಂಟು. ಬೆಲೆ ಕೇಳಿದ ಎಂಬ ಕಾರಣಕ್ಕೆ ರೈತನನ್ನು ಯಾರೂ ಸಣ್ಣವನೆಂದು ಎಣಿಸಿಲ್ಲ.

ಅದೇ ಸೀಮೆಯಲ್ಲಿ ಕೂತು ಬರೆದು ಬದುಕುವ ನಾನು ದರದ ಮಾತೆತ್ತಿದರೆ ಎದುರಿಗಿದ್ದವರ ಮುಖ ಬದಲಾಗುತ್ತದೆ. ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಕಬಿನಿ ಹಿನ್ನೀರಿನ ರೆಸಾರ್ಟಿಗೆ ಕನ್ನಡದ ಫಲಕಗಳು, ಬೀಜದ ಕಂಪನಿಯ ಕರಪತ್ರ, ಇಂಗ್ಲಿಷಿನಿಂದ ಅನುವಾದ, ಪತ್ರಿಕೆಗೆ ಲೇಖನ: ಇವು ನನ್ನ ಬೆಳೆಗಳು. ಕೆ.ಆರ್. ನಗರದ ಅಕ್ಕಿ ಗಿರಣಿಯ ಯಜಮಾನರೊಬ್ಬರು ಒಮ್ಮೆ ಮನೆಗೇ ಬಂದರು.

“ಮೇಷ್ಟ್ರೇ, ನಮ್ಮಪ್ಪಾಜಿದು ಜೀವನ ಚರಿತ್ರೆ ಒಂದು ಬರ್ದುಕೊಡಿ. ನಿಮಗೇನು, ಕೂತ್ರೆ ನಾಕು ದಿನದ ಕೆಲ್ಸ.”

“ಬರ್ದುಕೊಡ್ತೀನಣ್ಣ. ಅವರ ಜೊತೆ ಕೂತು ಮಾತಾಡ್ಬೇಕು, ಹಳೇ ಕಾಗದ ಪತ್ರ ನೋಡ್ಬೇಕು, ಎರಡು ಸಲ ತಿದ್ದಬೇಕು. ನೂರು ಪುಟಕ್ಕೆ ಇಷ್ಟಾಗುತ್ತೆ. ಮೂರರಲ್ಲಿ ಒಂದು ಪಾಲು ಮುಂಗಡ.”

ಅವರು ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದರು. “ಮುಂಗಡ ಚೆಕ್‌ನಲ್ಲಿ ಆದೀತಾ?” ಎಂದರು. ಅಷ್ಟೇ. ವ್ಯಾಪಾರ ಬಲ್ಲವರಿಗೆ ಈ ಮಾತು ಕಷ್ಟವಲ್ಲ. ಕಷ್ಟಪಡುವವರು ನಾವು. ಸರಸ್ವತಿಯನ್ನು ಮಾರಬಾರದು ಎಂಬ ಮಾತನ್ನು ಬರೆಯುವವರು ನಂಬಿ ಕೂತಿದ್ದರಿಂದ ಲಾಭವಾದದ್ದು ಬರೆಸಿಕೊಳ್ಳುವವರಿಗೆ.

ಹಿರಿಯರು ಹಾಗೆ ಕೂತಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟುಕೊಂಡು ತಮ್ಮ ಪುಸ್ತಕಗಳನ್ನು ಅಚ್ಚು ಮಾಡಿಸಿದರು. ಅವರ ಬರವಣಿಗೆಯ ಘನತೆ ಇದರಿಂದ ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಪುಸ್ತಕದ ಕಟ್ಟು ಹೊತ್ತು ಕನ್ನಡ ಓದುಗರನ್ನು ಹುಡುಕಿಕೊಂಡು ನಡೆದ ಗಳಗನಾಥರನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ನಮ್ಮ ಹುಣಸೂರು ತಾಲ್ಲೂಕಿನಲ್ಲೇ ಇನ್ನೊಂದು ಪಾಠವಿದೆ. ದೇವರಾಜ ಅರಸರ ಊರೆಂದು ಎಲ್ಲರೂ ಬಲ್ಲ ಕಲ್ಲಹಳ್ಳಿ, 1916ರಲ್ಲಿ ಕಾದಂಬರಿಕಾರ ಚದುರಂಗರು ಹುಟ್ಟಿದ ಊರೂ ಹೌದು. ತಮ್ಮ ‘ಸರ್ವಮಂಗಳಾ’ ಕಾದಂಬರಿಯನ್ನು ಅವರೇ 1968ರಲ್ಲಿ ಸಿನಿಮಾ ಮಾಡಿದರು. ಅವರ ‘ಉಯ್ಯಾಲೆ’ಯನ್ನು ಮರುವರ್ಷ ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದರು. ಒಂದು ಕಾದಂಬರಿಯೊಳಗೆ ಪುಸ್ತಕದ ಹಕ್ಕು, ಅನುವಾದದ ಹಕ್ಕು, ಸಿನಿಮಾದ ಹಕ್ಕು, ಈಗ ಆಡಿಯೊ ಪುಸ್ತಕದ ಹಕ್ಕು, ಎಲ್ಲವೂ ಬೇರೆ ಬೇರೆಯಾಗಿ ಕೂತಿರುತ್ತವೆ. ಒಂದನ್ನು ಕೊಟ್ಟರೆ ಉಳಿದವನ್ನೂ ಕೊಟ್ಟಂತಲ್ಲ, ನಾವೇ ಬರೆದುಕೊಡದ ಹೊರತು.

ಬರೆದುಕೊಡುವುದು ಎಷ್ಟು ಸಲೀಸು ಎನ್ನುವುದನ್ನು ಕಂಡಿದ್ದೇನೆ. ಪ್ರಕಾಶಕರೊಬ್ಬರು ಕಳಿಸಿದ ಎರಡು ಪುಟದ ಕರಾರಿನಲ್ಲಿ, ಗೌರವ ಪ್ರತಿಗಳ ಲೆಕ್ಕದ ಕೆಳಗೆ, “ಸಕಲ ಹಕ್ಕುಗಳೂ ಶಾಶ್ವತವಾಗಿ” ಎಂಬ ಸಾಲಿತ್ತು. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ “ಕನ್ನಡ ಮುದ್ರಣ ಮಾತ್ರ, ಐದು ವರ್ಷ” ಎಂದು ಬರೆದು, ಸಹಿ ಮಾಡಿ ಕಳಿಸಿದೆ. ಅವರು ಒಪ್ಪಿದರು. 1957ರ ಕೃತಿಸ್ವಾಮ್ಯ ಕಾಯ್ದೆ ನಮ್ಮ ಪರವಾಗಿಯೇ ಇದೆ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಹಕ್ಕು ಬಿದ್ದುಹೋಗುತ್ತದೆ. ಎಷ್ಟೋ ಲೇಖಕರ ಹಸ್ತಪ್ರತಿ ಯಾರದೋ ಬೀರುವಿನಲ್ಲಿ ಕೊಳೆಯುತ್ತಿರುವಾಗ ಈ ಒಂದು ಸಾಲು ಅವರಿಗೆ ಗೊತ್ತಿರಬೇಕಿತ್ತು ಎನಿಸಿ ಸಂಕಟವಾಗುತ್ತದೆ.

ಇನ್ನು ದುಡ್ಡು ಬರುವ ದಾರಿ. ನನ್ನ ಬಳಿ ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕವಿದೆ: ಯಾರು, ಏನು, ಕಳಿಸಿದ ದಿನ, ಬಿಲ್ಲಿನ ನಂಬರು, ಬರಬೇಕಾದದ್ದು, ಬಂದದ್ದು, ಮುರಿದುಕೊಂಡ ತೆರಿಗೆ. ಕೊನೆಯ ಅಂಕಣ ಬಹಳ ಮುಖ್ಯ. ಕಂಪನಿಗಳು ಮಿತಿ ದಾಟಿದ ಸಂಭಾವನೆಯಲ್ಲಿ ನೂರಕ್ಕೆ ಹತ್ತರಂತೆ ಮೂಲದಲ್ಲೇ ಮುರಿದುಕೊಳ್ಳುತ್ತವೆ. ವರ್ಷದ ಆದಾಯ ತೆರಿಗೆಯ ಮಟ್ಟಕ್ಕೆ ಬಾರದಿದ್ದರೆ ರಿಟರ್ನ್ ಸಲ್ಲಿಸಿ ಆ ಹಣ ವಾಪಸು ಪಡೆಯಬಹುದು. ಪಡೆಯದೆ ಬಿಟ್ಟವರು ನನ್ನ ಗೆಳೆಯರಲ್ಲೇ ಇದ್ದಾರೆ. ಜಿಎಸ್‌ಟಿಯ ಗೊಡವೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲಿನದು.

ಬಾಕಿ ಉಳಿಸಿಕೊಂಡವರ ವಿಷಯ ಬೇರೆ. ಕೆಲಸ ತಲುಪಿಸಿದ ಮೇಲೆ “ಈ ವಾರ, ಮುಂದಿನ ವಾರ” ಎನ್ನುವವರಿಗೆ ನಾನು ಕೋಪದ ಮಾತಾಡುವುದಿಲ್ಲ, ಕಾಗದ ಬರೆಯುತ್ತೇನೆ. ಬರೆಯುವವರೂ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ, ಕರಾರಿನಲ್ಲಿ ಏನೇ ಬರೆದಿರಲಿ, ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ಬಡ್ಡಿ ಕೊಡಬೇಕು. ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆ ಅಚ್ಚಾದ ಮೇಲೆ ಫೋನು ಎತ್ತುವವರ ದನಿಯೇ ಬದಲಾಯಿತು.

ಬಿಟ್ಟಿ ಬರೆಯುವುದಿಲ್ಲವೇ ಎಂದರೆ, ಬರೆಯುತ್ತೇನೆ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿ ಹಂಚಲು ಬಾಣಂತಿಯರ ಆರೈಕೆಯ ಕರಪತ್ರವನ್ನು ಕನ್ನಡಕ್ಕೆ ತಂದುಕೊಟ್ಟಾಗ ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದರ ದರವನ್ನು ಪೂರ್ತಿ ಬರೆದು, ಬಂದದ್ದರ ಅಂಕಣದಲ್ಲಿ “ಉಚಿತ” ಎಂದು ಬರೆದೆ. ಕೊಡುವವನು ನಾನಾಗಿರಬೇಕು. ಕೇಳದೆ ಕಿತ್ತುಕೊಂಡದ್ದನ್ನು ದಾನ ಎನ್ನಲಾಗದು.

ಪಿರಿಯಾಪಟ್ಟಣದ ಹುಡುಗಿಯೊಬ್ಬಳು ಈಗ ಅನುವಾದಕ್ಕೆ ಇಳಿದಿದ್ದಾಳೆ. “ಸಾರ್, ಪದಕ್ಕೆ ಎಷ್ಟು ಕೇಳಲಿ?” ಎಂದು ಮೊನ್ನೆ ಫೋನು ಮಾಡಿದ್ದಳು. ಒಂದು ಗಂಟೆಗೆ ಎಷ್ಟು ಪದ ಚೆನ್ನಾಗಿ ಆಗುತ್ತದೆ, ತಿದ್ದಲು ಎಷ್ಟು ಹೊತ್ತು ಬೇಕು, ತಿಂಗಳಿಗೆ ಮನೆಗೆ ಎಷ್ಟು ಬೇಕು ಎಂದು ಕೇಳಿದೆ. ಇಬ್ಬರೂ ಫೋನಿನಲ್ಲೇ ಗುಣಿಸಿ ಭಾಗಿಸಿದೆವು. ಬಂದ ದರ ಅವಳು ಕೇಳಬೇಕೆಂದಿದ್ದಕ್ಕಿಂತ ದುಪ್ಪಟ್ಟಿತ್ತು. “ಇಷ್ಟು ಕೇಳಿದ್ರೆ ಕೊಡ್ತಾರಾ ಸಾರ್?” ಎಂದಳು. ಕೇಳು, ಒಪ್ಪದಿದ್ದರೆ ಇನ್ನೊಂದು ಕಡೆ ಕೇಳೋಣ ಎಂದು, ನಾನು ಕಳಿಸುವ ಬಿಲ್ಲಿನ ಮಾದರಿಯೊಂದನ್ನು ಅವಳಿಗೆ ವಾಟ್ಸ್ಆ್ಯಪ್ ಮಾಡಿದೆ.