ಮುದ್ದೆಗೆ ಬಾಯಿ ಹಾಕಿದ ಮೀನು

ಬೆಂಕಿ ಈಗಷ್ಟೇ ಹತ್ತಿಕೊಂಡಿದೆ, ಊಟಕ್ಕಿನ್ನೂ ಹೊತ್ತಿದೆ. ಕಾವೇರಿಯ ಮಹಶೀರ್ ಮೀನಿನ ಕಥೆ ಹೇಳುತ್ತೇನೆ, ಕೇಳಿ. ಭೀಮೇಶ್ವರಿ, ಗಾಳಿಬೋರೆ ಕಡೆ ಆಗಿನ್ನೂ ಗಾಳ ಹಾಕಲು ಪರವಾನಗಿ ಸಿಗುತ್ತಿತ್ತು. ಹಿಡಿದ ಮೀನನ್ನು ಜೀವಂತ ನೀರಿಗೆ ಬಿಡಲೇಬೇಕು, ಅದರಲ್ಲಿ ಮಾತ್ರ ರಾಜಿಯಿಲ್ಲ. ಈ ಒಂದು ಮೀನಿಗಾಗಿ ಇಂಗ್ಲೆಂಡಿನಿಂದ ವಿಮಾನ ಹತ್ತಿ ಬರುವವರಿದ್ದರು. ನಾವು ಬೆಂಗಳೂರಿನವರು ಬೇಸಿಗೆಯಲ್ಲಿ, ಹೊಳೆ ಇಳಿದ ಮೇಲೆ, ಜೀಪು ಕಟ್ಟಿಕೊಂಡು ಹೋಗುತ್ತಿದ್ದೆವು.

ಅಲ್ಲಿ ನಮಗೆ ಗುರು ಎಂದರೆ ಹರಿಗೋಲು ಹಾಕುವ ಒಬ್ಬ ಅಣ್ಣ. ಹರೆಯದಲ್ಲಿ ಅದೇ ಹೊಳೆಗೆ ಸಿಡಿಮದ್ದು ಎಸೆದು ಮೀನು ಬಾಚಿದವರು. ಗಾಳದವರು ತಂಗುವ ಕ್ಯಾಂಪಿನಲ್ಲಿ ಸಂಬಳ ಸಿಕ್ಕ ಮೇಲೆ ಅದೇ ಮೀನಿಗೆ ಕಾವಲು ನಿಂತರು. ಬೆಳಿಗ್ಗೆಯೇ ರಾಗಿಹಿಟ್ಟು ಬೇಯಿಸಿ, ಬಿಸಿ ಆರುವ ಮುಂಚೆ ನಾದಿ ನಾದಿ ಗಟ್ಟಿ ಉಂಡೆ ಕಟ್ಟುವರು. ನಿಂಬೆಹಣ್ಣಿನಷ್ಟು ಸಾಕಲ್ಲವೇ ಅಣ್ಣಾ ಎಂದರೆ, "ದೊಡ್ ಮೀನ್ಗೆ ದೊಡ್ ತುತ್ತೇ ಆಗ್ಬೇಕು ಸಾಮಿ" ಎಂದು ಮೂಸಂಬಿ ಗಾತ್ರದ್ದನ್ನೇ ಕೊಕ್ಕೆಗೆ ಮೆತ್ತುವರು. ಆ ಸೀಮೆಯಲ್ಲಿ ಮನುಷ್ಯರಿಗೂ ಮುದ್ದೆ, ಮೀನಿಗೂ ಮುದ್ದೆ!

ಆ ಸಂಜೆ ಬಂಡೆ ಮೇಲೆ ಕೂತು, ದಾರವನ್ನು ಬೆರಳ ಮೇಲೆ ಹಾಯಿಸಿಕೊಂಡಿದ್ದೆ. ಸಣ್ಣ ಮೀನುಗಳು ಉಂಡೆಯನ್ನು ಕುಟುಕುತ್ತಿದ್ದವು. ಇದ್ದಕ್ಕಿದ್ದಂತೆ ಕುಟುಕು ನಿಂತಿತು. ಮರುಗಳಿಗೆಗೆ ದಾರ ಬೆರಳು ಕೊಯ್ದುಕೊಂಡು ಓಡಿತು, ರೀಲು ಕಿರುಚಿತು. "ಎಳೀಬ್ಯಾಡಿ, ಓಗ್ಲಿ ಬುಡಿ!" ಎಂದು ಅಣ್ಣ ಕೂಗಿದರು. ಮೀನು ಸೆಳವಿನ ಜೊತೆ ಕೆಳಕ್ಕೆ ಓಡಿ, ನಡುಹೊಳೆಯ ಬಂಡೆಗೆ ದಾರ ಸುತ್ತಿ ನಿಂತಿತು. ಹರಿಗೋಲು ಹತ್ತಿ ಅಲ್ಲಿಗೆ ಹೋದೆವು. ಅಣ್ಣ ಹುಟ್ಟನ್ನು ಕಂಕುಳಿಗೆ ಸಿಕ್ಕಿಸಿ, ನೀರೊಳಗೆ ಭುಜದವರೆಗೆ ಕೈ ಹಾಕಿ ದಾರ ಬಿಡಿಸಿದರು. ಆ ಹೊಳೆಯಲ್ಲಿ ಮೊಸಳೆಗಳಿವೆ ಎಂಬುದು ನನಗೆ ನೆನಪಾದದ್ದು ಆಮೇಲೆ.

ಕತ್ತಲಾಗುವ ಹೊತ್ತಿಗೆ ಮೀನು ದಡದ ತೆಳುನೀರಿಗೆ ಬಂತು. ಬಾಯಿಯ ಪಕ್ಕ ಎರಡು ಜೊತೆ ಮೀಸೆ. ಅಂಗೈ ಅಗಲದ ಹುರುಪೆಗಳು, ತಲೆಯ ಹಿಂದೆ ಎದ್ದ ಗೂನು, ಕಿತ್ತಳೆ ಬಣ್ಣದ ರೆಕ್ಕೆ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಏಡಿಯನ್ನು ಪುಡಿ ಮಾಡುವ ಹಲ್ಲುಗಳೆಲ್ಲ ಗಂಟಲಲ್ಲಿ. ಅಣ್ಣ ಅದನ್ನು ನೀರಿನಿಂದ ಎತ್ತಗೊಡಲಿಲ್ಲ. ಹೊಳೆಗೆ ಎದುರಾಗಿ ತಲೆ ಹಿಡಿದು, ಕಿವಿರು ಚೆನ್ನಾಗಿ ಆಡುವವರೆಗೂ ಕಾದು, ಕೈ ಬಿಟ್ಟರು.

ತೂಕ ಕೇಳಬೇಡಿ, ಗಾಳದವರು ಹೇಳುವ ತೂಕವನ್ನು ಯಾರೂ ನಂಬಬಾರದು. ನಂಬಬೇಕಾದ ತೂಕ ಒಂದಿದೆ: 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು, 120 ಪೌಂಡು. ಅಂದರೆ ಸುಮಾರು 54 ಕಿಲೋ.

ಇಷ್ಟೆಲ್ಲ ಹೆಸರು ಮಾಡಿದ ಈ ಗೂನುಬೆನ್ನಿನ ಮೀನಿನ ಜಾತಿ ಯಾವುದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಲ್ಲಿ ಮೊದಲೇ ಗುರುತಿಸಿದ್ದ 'ಟಾರ್ ರೆಮಾದೇವಿ'ಯೇ ಇದು ಎಂದರು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಮೀನು ಹೆಚ್ಚಲೆಂದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಇದರ ಜಾಗ ಆಕ್ರಮಿಸಿದ್ದು ಒಂದು ಕಾರಣ. ಅಣೆಕಟ್ಟು, ಮರಳು ದಂಧೆ, ಸಿಡಿಮದ್ದು ಇದ್ದೇ ಇವೆ.

ಈಗ ಕಾವೇರಿ ವನ್ಯಜೀವಿಧಾಮದಲ್ಲಿ ಗಾಳ ಹಾಕುವಂತಿಲ್ಲ. ಕಾನೂನು ಸರಿಯೇ ಇರಬಹುದು. ಆದರೆ ಗಾಳದ ಜೊತೆ ಹೊಳೆಯುದ್ದಕ್ಕೂ ಓಡಾಡುತ್ತಿದ್ದ ಕಾವಲುಕಣ್ಣುಗಳೂ ಹೋದವು, ಅದು ನನಗೆ ಒಪ್ಪಿಗೆಯಾಗದ ವಿಷಯ. ನೀವು ಆ ಕಡೆ ಹೋದಾಗ ನೀರಿನಲ್ಲಿ ಮದ್ದು ಸಿಡಿದ ಸದ್ದು ಕೇಳಿದರೆ, ನಮಗೇಕೆ ಎಂದು ಸುಮ್ಮನಾಗದೆ ಅರಣ್ಯ ಇಲಾಖೆಯವರಿಗೆ ತಿಳಿಸಿ.